ಸುರುಳಿ ಕ್ರೋಶಾ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಸುರುಳಿಯ ಬಗ್ಗೆಯೇ ಇವೆ. ಮಳೆ ಹಿಡಿದಿದೆ, ಹೊರಗೆ ಕಾಲಿಡುವ ಹಾಗಿಲ್ಲ. ಕೊಡಗಿನ ಸೋಮವಾರಪೇಟೆಯಿಂದ ಕುಟ್ಟದವರೆಗೆ ಎಲ್ಲರೂ ಕ್ರೋಶಾದ ಕೊಕ್ಕೆ ಕಡ್ಡಿ ಹಿಡಿದು ಕೂತಿದ್ದಾರೆ ಅಂತ ಕಾಣುತ್ತದೆ. ನನಗಂತೂ ತುಂಬಾ ಖುಷಿ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಕಾಫಿ ಲೋಟ ಇಡಲು ಕೋಸ್ಟರ್ ಹೆಣೆಯುತ್ತಿದ್ದೇನೆ. ಒಂದು ಬಟ್ಟಲಾಗಿ ಮೇಲೆದ್ದಿತು. ಇನ್ನೊಂದರ ಅಂಚೆಲ್ಲ ನೆರಿಗೆ. ಇಸ್ತ್ರಿ ಹಾಕಿದರೂ ಚಪ್ಪಟೆಯಾಗಿ ಕೂರುತ್ತಿಲ್ಲ. ನನ್ನ ಕೈ ಬಿಗಿ ಇರುವುದಕ್ಕೆ ಹೀಗಾ? (ಸೋಮವಾರಪೇಟೆ)

ಉತ್ತರ: ಕೈ ಬಿಗಿಯ ಪಾಲು ಇದರಲ್ಲಿ ಸ್ವಲ್ಪವೇ. ಉಳಿದದ್ದೆಲ್ಲ ಲೆಕ್ಕ. ಸುರುಳಿಯ ಆಕಾರ ಲೆಕ್ಕದಿಂದ ಬರುತ್ತದೆ, ಎಳೆದು ಸರಿ ಮಾಡಿದರೆ ಬರುವುದಿಲ್ಲ. ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ.

ಲೆಕ್ಕ ಎಲ್ಲಿಂದ ಬಂತು ನೋಡಿ. ಯಾವುದೇ ವೃತ್ತದ ಸುತ್ತಳತೆ ಅದರ ತ್ರಿಜ್ಯದ ಸುಮಾರು 6.28 ಪಟ್ಟು. ಶಾಲೆಯಲ್ಲಿ ಕಲಿತ ಪೈ 3.14, ಅದರ ಎರಡರಷ್ಟು. ನೀವು ಒಂದು ಸುತ್ತು ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ ಸ್ಟಿಚ್, ಹಾಕಿದಾಗ ತ್ರಿಜ್ಯ ಒಂದು ಸ್ಟಿಚ್‌ನ ಎತ್ತರದಷ್ಟು ಬೆಳೆಯಿತು. ಸಿಂಗಲ್‌ನ ಎತ್ತರ, ಅಗಲ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸುತ್ತಳತೆ ಸುಮಾರು ಆರು ಸ್ಟಿಚ್‌ನಷ್ಟು ಬೆಳೆಯಬೇಕು. ವೃತ್ತ ಪುಟ್ಟದಿರಲಿ, ಮೇಜಿನಷ್ಟು ದೊಡ್ಡದಿರಲಿ, ಪ್ರತಿ ಸುತ್ತಿಗೂ ಬೇಕಾಗುವುದು ಅದೇ ಆರು. ಇದು ನನಗೆ ಈಗಲೂ ಆಶ್ಚರ್ಯದ ವಿಷಯ.

ಹೆಣೆಯುವುದು ಹೀಗೆ. ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದರೆ ಮುಚ್ಚಿಕೊಳ್ಳುವ ದಾರದ ಬಳೆ) 6 ಸಿಂಗಲ್. ಎರಡನೇ ಸುತ್ತಿನಲ್ಲಿ ಪ್ರತಿ ಸ್ಟಿಚ್‌ಗೂ ಎರಡೆರಡು, ಒಟ್ಟು 12. ಮೂರನೆಯದರಲ್ಲಿ ಒಂದಕ್ಕೆ ಒಂದು, ಮುಂದಿನದಕ್ಕೆ ಎರಡು, ಒಟ್ಟು 18. ನಾಲ್ಕನೆಯದರಲ್ಲಿ ಒಂದು, ಒಂದು, ಎರಡು. ಒಟ್ಟು 24. ಸುತ್ತಿನ ಸಂಖ್ಯೆಯನ್ನು 6ರಿಂದ ಗುಣಿಸಿದರೆ ಆ ಸುತ್ತಿನಲ್ಲಿ ಇರಬೇಕಾದ ಸ್ಟಿಚ್ ಸಿಗುತ್ತದೆ. ಏಳನೇ ಸುತ್ತು ಮುಗಿದಾಗ 42 ಇರಬೇಕು. 38 ಇದ್ದರೆ ಬಟ್ಟಲಾಗುತ್ತದೆ, 48 ಇದ್ದರೆ ನೆರಿಗೆ ಬೀಳುತ್ತದೆ. ನಿಮ್ಮ ಎರಡು ಕೋಸ್ಟರ್‌ಗೂ ಆಗಿರುವುದು ಇದೇ. ಕೂತು ಎಣಿಸಿ ನೋಡಿ.

ಡಬಲ್ ಕ್ರೋಶಾದಲ್ಲಿ ಹೆಣೆಯುವುದಾದರೆ ಸ್ಟಿಚ್‌ನ ಎತ್ತರ ಸುಮಾರು ಎರಡರಷ್ಟು. ಆಗ 12ರಿಂದ ಶುರು ಮಾಡಿ, ಸುತ್ತಿಗೆ 12 ಹೆಚ್ಚಿಸಬೇಕು. ಎರಡರ ನಡುವಿನ ಎತ್ತರದ ಹಾಫ್ ಡಬಲ್‌ಗೆ 8 ಸಾಮಾನ್ಯವಾಗಿ ಸರಿಹೋಗುತ್ತದೆ. ಕೈಯ ಮಾತು ಬರುವುದು ಇಲ್ಲಿ. ಕೆಲವರು ಕುಣಿಕೆಯನ್ನು ಮೇಲಕ್ಕೆ ಎಳೆದು ಸಿಂಗಲನ್ನೇ ಎತ್ತರ ಮಾಡುತ್ತಾರೆ. ಅಂಥವರಿಗೆ 6ರ ಬದಲು 7 ಬೇಕಾಗಬಹುದು. ನಾಲ್ಕು ಸುತ್ತು ಹಾಕಿ ಮೇಜಿನ ಮೇಲಿಡಿ, ಗೊತ್ತಾಗುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಎಂಟನೇ ಸುತ್ತಿನ ಹೊತ್ತಿಗೆ ಕೇಳುತ್ತೀರಿ. ಎರಡು ಹಾಕುವ ಜಾಗ ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಕೂತರೆ ಆರು ಮೂಲೆ ಏಳುತ್ತವೆ. ಗುಂಡಗಿರಬೇಕಾದದ್ದು ಷಟ್ಕೋನವಾಗುತ್ತದೆ. ಹಾಗಾಗಿ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಆ ಜಾಗವನ್ನು ಸರಿಸಿ. ನಾಲ್ಕನೆಯದರಲ್ಲಿ ‘ಒಂದು, ಒಂದು, ಎರಡು’ ಬದಲು ‘ಒಂದು, ಎರಡು, ಒಂದು’ ಹಾಕಿ. ಲೆಕ್ಕ ಅದೇ, ಮೂಲೆ ಮಾತ್ರ ಮಾಯ.

ಇಸ್ತ್ರಿ ದಯವಿಟ್ಟು ಬೇಡ. ತಪ್ಪಿದ ಸುತ್ತಿನವರೆಗೆ ಬಿಚ್ಚಿ. ಕ್ರೋಶಾದಲ್ಲಿ ಬಿಚ್ಚುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಒಂದೇ ಕುಣಿಕೆ, ದಾರ ಎಳೆದರೆ ಆಯಿತು. ಮತ್ತೆ, ಬಿಸಿ ಲೋಟ ಇಡಲು ಹತ್ತಿ ದಾರವೇ ಆಗಬೇಕು. ಅಕ್ರಿಲಿಕ್ ದಾರ ಪ್ಲಾಸ್ಟಿಕ್ ಜಾತಿಯದು, ತುಂಬಾ ಬಿಸಿ ಪಾತ್ರೆ ಇಟ್ಟರೆ ಕರಗುತ್ತದೆ.

ಪ್ರಶ್ನೆ: ಸುತ್ತು ಕೂಡಿಸದೆ ಸುರುಳಿಯಾಗಿ ಹೋಗುವಾಗ ಸುತ್ತು ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಯಾರಾದರೂ ಬಂದು ಮಾತಾಡಿಸಿದರೆ ಎಣಿಕೆ ಹೋಯಿತು. ಕೊನೆಯಲ್ಲಿ ಮೆಟ್ಟಿಲಿನ ಹಾಗೆ ಒಂದು ಗುಬುಟು ಬೇರೆ ಉಳಿಯುತ್ತದೆ. (ವಿರಾಜಪೇಟೆ)

ಉತ್ತರ: ಪ್ರತಿ ಸುತ್ತಿನ ಮೊದಲ ಸ್ಟಿಚ್‌ಗೆ ಗುರುತು ಹಾಕಲೇಬೇಕು. ಸೇಫ್ಟಿ ಪಿನ್ ಆಗುತ್ತದೆ. ಆದರೆ ನನಗೆ ಇಷ್ಟ ದಾರದ ಗುರುತು. ಬೇರೆ ಬಣ್ಣದ ಒಂದು ಗೇಣು ದಾರ ತೆಗೆದುಕೊಳ್ಳಿ. ಸುತ್ತಿನ ಕೊನೆಯ ಸ್ಟಿಚ್‌ಗೂ ಹೊಸ ಸುತ್ತಿನ ಮೊದಲ ಸ್ಟಿಚ್‌ಗೂ ನಡುವೆ ಅದನ್ನು ಅಡ್ಡ ಇಡಿ. ಮುಂದಿನ ಸುತ್ತಿಗೆ ಅಲ್ಲಿಗೆ ಬಂದಾಗ ದಾರವನ್ನು ಹಿಂದಿನಿಂದ ಮುಂದಕ್ಕೆ ತನ್ನಿ, ಅದರ ಮುಂದಿನ ಸುತ್ತಿಗೆ ಮುಂದಿನಿಂದ ಹಿಂದಕ್ಕೆ ಹಾಕಿ. ಕೆಲಸ ಮುಗಿದ ಮೇಲೆ ಎಳೆದು ತೆಗೆಯಿರಿ. ಪಿನ್ ಈಗಿನ ಸುತ್ತನ್ನು ಮಾತ್ರ ತೋರಿಸುತ್ತದೆ. ದಾರವಾದರೆ ಹಿಂದಿನ ಎಲ್ಲ ಸುತ್ತುಗಳ ಶುರುವನ್ನೂ ತೋರಿಸುತ್ತದೆ. ನೆಂಟರು ಬಂದು ಹೋದ ಮೇಲೂ ಎಣಿಕೆ ಅಲ್ಲೇ ಇರುತ್ತದೆ.

ಹಾಗೆ ಗುರುತು ಹಾಕಿದ ದಾರವನ್ನು ಸ್ವಲ್ಪ ಗಮನಿಸಿ. ಟೋಪಿಯ ಹಾಗೆ ಹೆಚ್ಚಿಸದೆ ನೇರವಾಗಿ ಹೋಗುವ ಭಾಗದಲ್ಲಿ ಅದು ನೆಟ್ಟಗೆ ನಿಲ್ಲುವುದಿಲ್ಲ, ಸುತ್ತು ಸುತ್ತಿಗೂ ಬಲಕ್ಕೆ ವಾಲುತ್ತಾ ಹೋಗುತ್ತದೆ. ತುಂಬಾ ಜನ ಇದನ್ನು ನೋಡಿ ಎಲ್ಲೋ ಸ್ಟಿಚ್ ಬಿಟ್ಟುಹೋಯಿತು ಅಂತ ಗಾಬರಿಯಾಗುತ್ತಾರೆ. ಏನೂ ಬಿಟ್ಟಿಲ್ಲ. ಕೆಲಸ ತಿರುಗಿಸದೆ ಒಂದೇ ಮುಖದಲ್ಲಿ ಸಿಂಗಲ್ ಹಾಕುತ್ತಾ ಹೋದರೆ ಪ್ರತಿ ಸ್ಟಿಚ್ ಕೆಳಗಿನದರ ತಲೆಯ ಮೇಲೆ ಸರಿಯಾಗಿ ಕೂರದೆ ಸ್ವಲ್ಪ ಬಲಕ್ಕೆ ಕೂರುತ್ತದೆ. ಎಡಗೈಯವರಿಗೆ ಎಡಕ್ಕೆ. ಗೊಂಬೆಗೆ ಮೂಗು, ಕಿವಿ ಹೊಲಿಯುವಾಗ ಈ ವಾಲನ್ನು ನೆನಪಿಡಿ, ಗುರುತಿನ ದಾರದ ಗೆರೆಯನ್ನು ನಂಬಿ ಮುಖದ ನಡುವನ್ನು ಹುಡುಕಬೇಡಿ.

ಮೆಟ್ಟಿಲಿನ ವಿಷಯ. ಸುರುಳಿ ಎಂದರೆ ಅಂಚು ಯಾವಾಗಲೂ ಒಂದು ಸ್ಟಿಚ್ ಎತ್ತರದಲ್ಲಿ ನಿಂತಿರುತ್ತದೆ, ಅದನ್ನು ಇಳಿಜಾರು ಮಾಡಿ ಇಳಿಸಬೇಕು. ಸಿಂಗಲ್ ಆದರೆ ಮುಂದಿನ ಸ್ಟಿಚ್‌ಗೆ ಒಂದು ಸ್ಲಿಪ್ ಸ್ಟಿಚ್ (ಎಲ್ಲಕ್ಕಿಂತ ಗಿಡ್ಡ ಸ್ಟಿಚ್) ಸಾಕು. ಡಬಲ್ ಆದರೆ ಕೊನೆಯಲ್ಲಿ ಒಂದು ಹಾಫ್ ಡಬಲ್, ಒಂದು ಸಿಂಗಲ್, ಒಂದು ಸ್ಲಿಪ್ ಸ್ಟಿಚ್. ದಾರ ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಮುಂದಿನ ಸ್ಟಿಚ್‌ನ ತಲೆಯ ಎರಡು ಎಳೆಗಳ ಕೆಳಗೆ ತೂರಿಸಿ, ದಾರ ಹೊರಟ ಸ್ಟಿಚ್‌ನ ಮಧ್ಯಕ್ಕೇ ವಾಪಸ್ ಇಳಿಸಿ. ಸೂಜಿ ಹಾಕಿದ ಜಾಗದಲ್ಲಿ ಒಂದು ಸುಳ್ಳು ಸ್ಟಿಚ್ ಮೂಡುತ್ತದೆ. ಎಲ್ಲಿ ಮುಗಿಸಿದಿರಿ ಅಂತ ನಿಮಗೇ ಸಿಗುವುದಿಲ್ಲ.

ಪ್ರಶ್ನೆ: ಎರಡು ಬಣ್ಣ ಒಟ್ಟಿಗೆ ಸುತ್ತಿಕೊಂಡು ಹೋಗುವ ಚಾಪೆ ನೋಡಿದೆ. ಎರಡೂ ಬಣ್ಣ ಮಧ್ಯದಿಂದಲೇ ಹೊರಡುತ್ತವೆ, ಎಲ್ಲೂ ಗಂಟಿಲ್ಲ. ಕೊಡವ ಗಂಡಸರು ತೊಡುವ ಕುಪ್ಯದ ಕಪ್ಪು, ಸೊಂಟಕ್ಕೆ ಕಟ್ಟುವ ಚೇಲೆಯ ಕೆಂಪು ಸೇರಿಸಿ ಪುತ್ತರಿ ಹಬ್ಬದೊಳಗೆ ಒಂದು ಮಾಡಬೇಕು. ಹೇಗೆ? (ಪೊನ್ನಂಪೇಟೆ, ಕಾಲೇಜು ವಿದ್ಯಾರ್ಥಿನಿ)

ಉತ್ತರ: ಈ ಪತ್ರ ಓದಿ ನಾನೇ ಕಪ್ಪು ಕೆಂಪು ದಾರ ತೆಗೆದು ಕೂತೆ. ಒಳ್ಳೆಯ ಜೋಡಿ ಆರಿಸಿದ್ದೀರಿ. ಆದರೆ ಕಪ್ಪು ದಾರದ ಸ್ಟಿಚ್ ಮಳೆಗಾಲದ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮೊದಲು ಕೆಂಪು, ಬಿಳಿ ಹಾಕಿ ಒಂದು ಮಾದರಿ ಮಾಡಿಕೊಳ್ಳಿ.

ಮ್ಯಾಜಿಕ್ ರಿಂಗ್ ಕೆಂಪಿನಲ್ಲಿ. ಒಂದು ಚೈನ್ (ಸರಪಳಿ ಕುಣಿಕೆ), ಆಮೇಲೆ ರಿಂಗ್‌ನೊಳಗೆ 1 ಸಿಂಗಲ್, 1 ಹಾಫ್ ಡಬಲ್, 4 ಡಬಲ್. ಒಟ್ಟು ಆರು. ಕಡ್ಡಿ ತೆಗೆದು ಕುಣಿಕೆಯನ್ನು ಉದ್ದ ಎಳೆದು ಸೇಫ್ಟಿ ಪಿನ್ ಹಾಕಿ ಬಿಡಿ. ಈಗ ಅದೇ ರಿಂಗ್‌ಗೆ ಕಪ್ಪನ್ನು ಜೋಡಿಸಿ, ಕೆಂಪಿನ ಪಕ್ಕದಲ್ಲೇ 1 ಸಿಂಗಲ್, 1 ಹಾಫ್ ಡಬಲ್, 4 ಡಬಲ್. ರಿಂಗ್ ಎಳೆದು ಮುಚ್ಚಿ. ಗಿಡ್ಡ ಸಿಂಗಲ್‌ನಿಂದ ಶುರುವಾಗಿ ಎತ್ತರದ ಡಬಲ್‌ಗೆ ಏರುತ್ತದಲ್ಲ, ಆ ಇಳಿಜಾರೇ ಸುರುಳಿಯ ಹುಟ್ಟು. ನೇರವಾಗಿ ಡಬಲ್‌ನಿಂದ ಶುರು ಮಾಡಿದರೆ ಮಧ್ಯದಲ್ಲಿ ಗೋಡೆ ನಿಲ್ಲುತ್ತದೆ.

ಕಪ್ಪಿನ ಮುಂದೆ ಈಗ ಇರುವುದು ಕೆಂಪಿನ ಮೊದಲ ಸಿಂಗಲ್. ಕೆಂಪಿನ ಆರು ಸ್ಟಿಚ್‌ಗೂ ಎರಡೆರಡು ಕಪ್ಪು ಡಬಲ್ ಹಾಕಿ. ಕೆಂಪಿನ ಕುಣಿಕೆ ಎದುರಾದಾಗ ನಿಲ್ಲಿಸಿ, ಕಪ್ಪಿಗೆ ಪಿನ್ ಹಾಕಿ. ಕೆಂಪನ್ನು ಎತ್ತಿಕೊಳ್ಳಿ, ಅದರ ಮುಂದಿರುವ ಕಪ್ಪಿನ ಆರು ಸ್ಟಿಚ್‌ಗೂ ಎರಡೆರಡು ಹಾಕಿ. ಈಗ ಒಟ್ಟು 24. ಮುಂದಿನ ಸುತ್ತು ಎರಡು, ಒಂದು, ಎರಡು, ಒಂದು. ಒಟ್ಟು 36. ಪ್ರತಿ ಸುತ್ತಿಗೂ 12 ಜಾಸ್ತಿ, ಮೇಲೆ ಹೇಳಿದ ಲೆಕ್ಕವೇ. ನೆನಪಿಡಬೇಕಾದದ್ದು ಇಷ್ಟು: ಒಂದು ಬಣ್ಣ ಇನ್ನೊಂದರ ಬೆನ್ನೇರಿ ಹೋಗುತ್ತದೆ, ಇನ್ನೊಂದರ ಕುಣಿಕೆ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಅದನ್ನು ದಾಟಿ ಹೋಗಬೇಡಿ.

ಚಾಪೆ ಕೈಯಲ್ಲಿ ತಿರುಗುತ್ತಿರುವುದರಿಂದ ಎರಡು ದಾರವೂ ಒಂದಕ್ಕೊಂದು ಹುರಿಗೊಳ್ಳುತ್ತವೆ. ಸುತ್ತು ಮುಗಿದಾಗೊಮ್ಮೆ ಚಾಪೆಯನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿಬಿಡಿ. ಮುಗಿಸುವಾಗ ಎರಡು ಬಣ್ಣಕ್ಕೂ ಹಾಫ್ ಡಬಲ್, ಸಿಂಗಲ್, ಸ್ಲಿಪ್ ಸ್ಟಿಚ್. ಎರಡು ಬಾಲಗಳೂ ಎದುರುಬದುರಾಗಿ ಬರಬೇಕು.

ಇದು ಕೈಗೆ ಕೂತ ಮೇಲೆ ನಾಲ್ಕು ಬಣ್ಣಕ್ಕೆ ಹೋಗಬಹುದು. ಒಂದೊಂದಕ್ಕೂ 1 ಸಿಂಗಲ್, 1 ಹಾಫ್ ಡಬಲ್, 1 ಡಬಲ್ ಹಾಕಿದರೆ ರಿಂಗ್‌ನಲ್ಲಿ ಅದೇ 12. ನಾಲ್ಕು ಉಂಡೆ, ನಾಲ್ಕು ಪಿನ್. ಮನೆಯಲ್ಲಿ ಬೆಕ್ಕಿದ್ದರೆ ಬಾಗಿಲು ಹಾಕಿಕೊಂಡು ಕೂರಿ.

ಪ್ರಶ್ನೆ: ಅಜ್ಜಿಯ ಹಳೆಯ ಪುಸ್ತಕದಲ್ಲಿ ‘ಡಬಲ್’ ಅಂತ ಇರುವುದನ್ನು ಹಾಕಿದರೆ ಚಾಪೆ ಗಿಡ್ಡ, ನೆರಿಗೆ. ಯೂಟ್ಯೂಬ್ ನೋಡಿ ಮಾಡಿದರೆ ಸರಿ. ಪುಸ್ತಕ ತಪ್ಪಾ? (ಕುಶಾಲನಗರ)

ಉತ್ತರ: ಪುಸ್ತಕ ಸರಿಯೇ ಇದೆ. ಬ್ರಿಟಿಷರ ಪದ್ಧತಿಯಲ್ಲಿ ಡಬಲ್ ಅಂದರೆ ಅಮೆರಿಕದವರ ಸಿಂಗಲ್. ಅವರ ಟ್ರೆಬಲ್ ಅಂದರೆ ಇವರ ಡಬಲ್. ಪುಸ್ತಕದ ಶುರುವಿನಲ್ಲಿ ಸ್ಟಿಚ್‌ಗಳ ಚಿತ್ರ ಇರುತ್ತದೆ, ಅದನ್ನು ನೋಡಿ ಯಾವ ಪದ್ಧತಿ ಅಂತ ಖಾತ್ರಿ ಮಾಡಿಕೊಳ್ಳಿ. ಸಿಂಗಲ್ ಅನ್ನುವ ಹೆಸರೇ ಎಲ್ಲೂ ಇಲ್ಲದಿದ್ದರೆ ಬ್ರಿಟಿಷ್ ಪುಸ್ತಕ ಅಂದುಕೊಳ್ಳಬಹುದು. ಈಗ ನಿಮಗೆ ಆಗಿರುವುದು, ಸುತ್ತಿಗೆ 6 ಹೆಚ್ಚಿಸಬೇಕಾದ ಕಡೆ 12 ಹೆಚ್ಚಿಸಿದ್ದೀರಿ. ಈ ಅಂಕಣದಲ್ಲಿ ನಾನು ಬಳಸುವುದು ಅಮೆರಿಕದ ಹೆಸರು, ಈಗಿನ ವಿಡಿಯೋಗಳಲ್ಲಿ ಅದೇ ಜಾಸ್ತಿ. ಅಜ್ಜಿಯ ಪುಸ್ತಕವನ್ನು ಮಾತ್ರ ಜೋಪಾನವಾಗಿಡಿ, ಹಳೆಯ ಡಾಯ್ಲಿ (ಜಾಲರಿ ಹಾಸು) ಮಾದರಿಗಳು ಹಾಗೆ ಸುಮ್ನೆ ಸಿಗುವುದಿಲ್ಲ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕ್ರೋಶಾದಲ್ಲಿ ಗಣಿತ ತೋರಿಸಬಹುದು ಅಂತ ಕೇಳಿದ್ದೇನೆ. ಬರೀ ವೃತ್ತವಾ, ಇನ್ನೇನಾದರೂ ಇದೆಯಾ? (ಗೋಣಿಕೊಪ್ಪ)

ಉತ್ತರ: ಇದೆ, ಮತ್ತು ಮಕ್ಕಳು ಅದನ್ನು ಮುಟ್ಟಿ ನೋಡಬೇಕು. ಸೋಮವಾರಪೇಟೆಯ ಓದುಗರಿಗೆ ಬಂದ ನೆರಿಗೆ ಕೋಸ್ಟರ್ ಇದೆಯಲ್ಲ, ಅದನ್ನೇ ಬೇಕೆಂದು, ಲೆಕ್ಕ ಹಾಕಿ ಮಾಡಿದರೆ ಅದು ಹೈಪರ್ಬೋಲಿಕ್ ಮೇಲ್ಮೈ, ಅಂದರೆ ಅಂಚು ಚಪ್ಪಟೆಗೆ ಬೇಕಾದದ್ದಕ್ಕಿಂತ ಜಾಸ್ತಿ ಬೆಳೆಯುತ್ತಾ ಹೋಗುವ ಮೇಲ್ಮೈ.

ಲಾಟ್ವಿಯಾದಲ್ಲಿ ಹುಟ್ಟಿದ ಗಣಿತಜ್ಞೆ ಡೈನಾ ತೈಮಿನಾ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸಬೇಕಿತ್ತು. ಕಾಗದದ ಪಟ್ಟಿ ಅಂಟಿಸಿ ಮಾಡಿದ ಮಾದರಿಗಳು ಕೈಯಲ್ಲಿ ಹಿಡಿದರೆ ಹರಿಯುತ್ತಿದ್ದವು. 1997ರಲ್ಲಿ ಅವರು ಅದನ್ನು ಕ್ರೋಶಾದಲ್ಲಿ ಹೆಣೆದರು. ಮಡಚಬಹುದು, ಚೀಲಕ್ಕೆ ತುರುಕಬಹುದು, ಏನೂ ಆಗುವುದಿಲ್ಲ. ಯುಕ್ಲಿಡ್‌ನ ಸಮಾನಾಂತರ ರೇಖೆಯ ನಿಯಮ ನಿಲ್ಲದ ಮೇಲ್ಮೈಯೊಂದು ಹೀಗೆ ಮಕ್ಕಳ ಕೈಗೆ ಬಂತು.

ವೃತ್ತದಲ್ಲಿ ಪ್ರತಿ ಸುತ್ತಿಗೂ ಒಂದೇ ಸಂಖ್ಯೆ ಹೆಚ್ಚುತ್ತದೆ, 6, 12, 18. ಇಲ್ಲಿ ಹಾಗಲ್ಲ, ಒಂದೇ ಅನುಪಾತದಲ್ಲಿ ಹೆಚ್ಚಬೇಕು. 20 ಚೈನ್ ಹಾಕಿ. ಪ್ರತಿ ಸಾಲಿನಲ್ಲೂ ಸಿಂಗಲ್ ಹಾಕುತ್ತಾ ಐದನೇ ಸ್ಟಿಚ್‌ಗೆ ಎರಡು ಹಾಕಿ. 20 ಇದ್ದದ್ದು 24 ಆಯಿತು, ಮುಂದೆ 28, 33 ಹೀಗೆ ಏರುತ್ತದೆ. ಪ್ರತಿ ಸಾಲು ಹಿಂದಿನದರ ಸುಮಾರು 1.2 ಪಟ್ಟು. ಹತ್ತು ಸಾಲಿಗೆ ಆರು ಪಟ್ಟಿನ ಹತ್ತಿರ ಬರುತ್ತದೆ. ಅದರ ಮುಂದಿನ ಹತ್ತು ಸಾಲಿಗೆ ಮತ್ತೆ ಅಷ್ಟೇ ಪಟ್ಟು. ಒಂದು ಸಾಲು ಮುಗಿಸಲು ಒಂದು ಸಂಜೆ ಬೇಕಾಗುವ ಹೊತ್ತಿಗೆ ಘಾತೀಯ ಬೆಳವಣಿಗೆ ಎಂದರೆ ಏನು ಅಂತ ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿಲ್ಲ.

ತರಗತಿಯಲ್ಲಿ ಹೀಗೆ ಮಾಡಿ. ತುಂಡನ್ನು ಮಡಚಿದರೆ ಒಂದು ನೇರ ರೇಖೆ ಸಿಗುತ್ತದೆ, ಆ ಮಡಿಕೆಯ ಮೇಲೆ ಬಿಳಿ ದಾರ ಹೊಲಿಯಿರಿ. ಅದರಿಂದ ಹೊರಗೆ ಒಂದು ಬಿಂದು ಗುರುತಿಸಿ. ಆ ಬಿಂದುವಿನ ಮೂಲಕ ಹಾದುಹೋಗುವ ಹಾಗೆ ಮತ್ತೆ ಮತ್ತೆ ಮಡಚಿ, ಬೇರೆ ಬಣ್ಣದಲ್ಲಿ ಹೊಲಿಯಿರಿ. ಕಾಗದದ ಮೇಲಾದರೆ ಮೊದಲ ರೇಖೆಯನ್ನು ಎಂದೂ ಕೂಡದ ರೇಖೆ ಒಂದೇ ಒಂದು. ಇಲ್ಲಿ ಎರಡು, ಮೂರು, ನಾಲ್ಕು ಬೇಕಾದಷ್ಟು ಬರುತ್ತವೆ. ಗಟ್ಟಿ ಅಕ್ರಿಲಿಕ್ ದಾರ, ಸ್ವಲ್ಪ ಸಣ್ಣ ಕಡ್ಡಿ, ಬಿಗಿ ಕೈ ಇರಲಿ. ಮೆತ್ತಗಾದರೆ ಆಕಾರ ನಿಲ್ಲುವುದಿಲ್ಲ.

ತೈಮಿನಾ ಅವರ ಈ ದಾರಿ ಹಿಡಿದು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅಕ್ಕತಂಗಿಯರು 2005ರಲ್ಲಿ ಕ್ರೋಶಾ ಹವಳದ ದಿಬ್ಬ ಶುರು ಮಾಡಿದರು. ಹುಟ್ಟೂರು ಆಸ್ಟ್ರೇಲಿಯಾದ ಹವಳದ ದಿಬ್ಬ ಸಾಯುತ್ತಿದೆ ಎಂಬ ಸಂಕಟ ಅವರಿಗೆ. ಹವಳ, ಸಮುದ್ರದ ಚಿಪ್ಪಿಲ್ಲದ ಬಸವನಹುಳುಗಳು, ಲೆಟ್ಯೂಸ್ ಎಲೆ ಎಲ್ಲದರಲ್ಲೂ ಇದೇ ನೆರಿಗೆ. ದೇಶದೇಶದ ಹೆಂಗಸರು ಅದಕ್ಕೆ ಹೆಣೆದು ಕೊಟ್ಟಿದ್ದಾರೆ.

ಪ್ರಶ್ನೆ: ತಿರುಗುವ ಚಕ್ರದ ಹಾಗೆ ಆರು ಗೆರೆ ಬಾಗಿಕೊಂಡು ಹೋಗುವ ಜಾಲರಿ ಡಾಯ್ಲಿ ಒಂದು ಇದೆ. ತುಂಬಾ ಕಷ್ಟವಾ? (ಭಾಗಮಂಡಲ)

ಉತ್ತರ: ನೋಡಲು ಕಷ್ಟ, ಮಾಡಲು ಸುಲಭ. ಕೈ ಕೂತ ಮೇಲೆ ಎಣಿಸುವ ಗೋಜೂ ಇಲ್ಲ. 5 ಚೈನ್ ಕೂಡಿಸಿ ರಿಂಗ್ ಮಾಡಿ. ‘4 ಚೈನ್, ರಿಂಗ್‌ಗೆ 1 ಸಿಂಗಲ್’ ಹೀಗೆ ಆರು ಸಲ, ಆರು ಕಿಂಡಿಯಾಯಿತು. ಎರಡನೇ ಸುತ್ತು ‘4 ಚೈನ್, ಕಿಂಡಿಯೊಳಗೆ 2 ಸಿಂಗಲ್’, ಆರು ಸಲ. ಮೂರನೆಯದರಿಂದ ಮುಂದಕ್ಕೆಲ್ಲ ಒಂದೇ ಪಾಠ: 4 ಚೈನ್, ಎದುರಿನ ಕಿಂಡಿಯೊಳಗೆ 2 ಸಿಂಗಲ್, ಆಮೇಲೆ ಹಿಂದಿನ ಸುತ್ತಿನ ಸಿಂಗಲ್‌ಗಳ ಮೇಲೆ ಒಂದೊಂದು, ಕೊನೆಯದೊಂದನ್ನು ಬಿಟ್ಟುಬಿಡಿ. ಒಂದೊಂದು ಪಾಲಿನಲ್ಲೂ 2, 3, 4, 5 ಅಂತ ಏರುತ್ತದೆ. ಆರು ಪಾಲಿಗೆ ಸುತ್ತಿಗೆ ಆರು ಹೆಚ್ಚಳ. ನೋಡಿ, ಇಲ್ಲೂ ಅದೇ ಆರು ಬಂತು. ಮುಂದೆ ಎರಡು ಸೇರಿಸಿ ಹಿಂದೆ ಒಂದು ಬಿಡುವುದರಿಂದ ಕಿಂಡಿ ಪ್ರತಿ ಸುತ್ತಿಗೂ ಸ್ವಲ್ಪ ಸರಿಯುತ್ತದೆ, ಚಕ್ರ ತಿರುಗಿದ ಹಾಗೆ ಕಾಣುವುದು ಅದರಿಂದ. ಸುತ್ತುಗಳನ್ನು ಎಲ್ಲೂ ಕೂಡಿಸಬೇಡಿ, ಸುರುಳಿಯಾಗಿಯೇ ಹೋಗಲಿ. ಸಣ್ಣ ಹತ್ತಿ ದಾರಕ್ಕೆ 1.25 ಮಿ.ಮೀ. ಸ್ಟೀಲ್ ಕಡ್ಡಿ ಚೆನ್ನ.

ಪ್ರಶ್ನೆ: ತೊಳೆದ ಡಾಯ್ಲಿ ಒಣಗುವುದೇ ಇಲ್ಲ. ಗಂಜಿ ಹಾಕಿಟ್ಟದ್ದಕ್ಕೆ ಕಪ್ಪು ಚುಕ್ಕೆ ಬಂದಿದೆ. (ಮಡಿಕೇರಿ)

ಉತ್ತರ: ನಾನೂ ಇದೇ ಊರಿನವಳು, ನಿಮ್ಮ ಕಷ್ಟ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಜಿಯ ಸುದ್ದಿಗೇ ಹೋಗಬೇಡಿ. ಅನ್ನದ ಗಂಜಿ ಬೂಷ್ಟಿಗೆ ಊಟ ಹಾಕಿದ ಹಾಗೆ. ತೊಳೆಯಲೇಬೇಕಾದರೆ ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ. ತಂತಿಗೆ ನೇತುಹಾಕಿದರೆ ಒದ್ದೆ ಭಾರಕ್ಕೆ ಸುರುಳಿ ಒಂದು ಕಡೆಗೆ ಜೋಲುತ್ತದೆ. ಮೊರದ ಮೇಲೆ ಚಪ್ಪಟೆ ಹರಡಿ ಒಲೆಯ ಹತ್ತಿರದ ಬೆಚ್ಚಗಿನ ಜಾಗದಲ್ಲಿಡಿ, ಹೊಗೆ ತಾಗದ ಹಾಗೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಕೂರುತ್ತದೆ. ಬಟ್ಟೆಯ ಚೀಲ ಆಗಬಹುದು. ಗಂಜಿ ಹಾಕಿ, ಥರ್ಮೊಕೋಲ್ ಮೇಲೆ ಪಿನ್ ಚುಚ್ಚಿ ಹಿಗ್ಗಿಸುವ ಕೆಲಸವೆಲ್ಲ ಕಾಫಿ ಹಣ್ಣು ಕಣಕ್ಕೆ ಬರುವ ಕಾಲಕ್ಕೆ ಇರಲಿ. ಆ ಬಿಸಿಲಿಗೆ ಒಂದೇ ಮಧ್ಯಾಹ್ನ ಸಾಕು.

ಪ್ರಶ್ನೆ: ಕೀ ಚೈನ್‌ಗೆ, ಮಗಳ ಜಡೆಗೆ ಗುಂಗುರು ಸುರುಳಿ ಬೇಕು. ನನ್ನದು ಸುರುಳಿಯಾಗದೆ ಬರೀ ಅಲೆಯಾಗುತ್ತದೆ. (ಮೂರ್ನಾಡು)

ಉತ್ತರ: ಸ್ಟಿಚ್ ಕಡಿಮೆ ಆಗಿದೆ. 30 ಚೈನ್ ಸಡಿಲವಾಗಿ ಹಾಕಿ, ಬೇಕಾದರೆ ಚೈನ್‌ಗೆ ಮಾತ್ರ ಒಂದು ಅಳತೆ ದೊಡ್ಡ ಕಡ್ಡಿ ಹಿಡಿಯಿರಿ. ವಾಪಸ್ ಬರುವಾಗ ಪ್ರತಿ ಚೈನ್‌ಗೂ ಮೂರು ಡಬಲ್. ಹೊರ ಅಂಚಿನಲ್ಲಿ ಒಳ ಅಂಚಿನ ಮೂರರಷ್ಟು ಸ್ಟಿಚ್ ಆಯಿತು, ಹೋಗಲು ಜಾಗ ಇಲ್ಲ, ಅದೇ ಸುತ್ತಿಕೊಳ್ಳುತ್ತದೆ. ಎರಡೆರಡು ಹಾಕಿದರೆ ನಿಮಗೆ ಬಂದ ಅಲೆ. ಕೊನೆಗೆ ಅದು ತಿರುಗುವ ಕಡೆಗೇ ಬೆರಳಿಗೆ ಸುತ್ತಿ ಬಿಟ್ಟರೆ ಸುರುಳಿ ನಿಲ್ಲುತ್ತದೆ. ದಾರ ಜಾಸ್ತಿ ತಿನ್ನುವ ಕೆಲಸ ಇದು, ಉಳಿದ ತುಂಡು ದಾರ ಸಾಲುವುದಿಲ್ಲ.

ಪ್ರಶ್ನೆ: ಹೋಂಸ್ಟೇಯವರು ಎರಡು ಬಣ್ಣದ ಸುರುಳಿ ಕೋಸ್ಟರ್ ಕೇಳಿದ್ದಾರೆ. ದಾರದ ಬೆಲೆಗೆ ಎಷ್ಟು ಸೇರಿಸಲಿ? (ಕಕ್ಕಬ್ಬೆ)

ಉತ್ತರ: ದಾರದ ಬೆಲೆಯಿಂದ ಶುರು ಮಾಡಬೇಡಿ, ಗಂಟೆಯಿಂದ ಶುರು ಮಾಡಿ. ಒಂದು ಕೋಸ್ಟರ್‌ಗೆ ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಡಿ. ನಿಮ್ಮೂರಿನಲ್ಲಿ ತೋಟದ ಕೆಲಸಕ್ಕೆ ಹೋದರೆ ಆ ಹೊತ್ತಿಗೆ ಏನು ಕೂಲಿಯೋ ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ, ದಾರದ ಬೆಲೆ ಅದರ ಮೇಲೆ. ಹೆಂಗಸರು ಮನೆಯಲ್ಲಿ ಕೂತು ಮಾಡಿದ್ದು ಅಂತ ಚೌಕಾಸಿ ಮಾಡುವವರಿಗೆ ಕೊಡದಿದ್ದರೂ ಪರವಾಗಿಲ್ಲ.

ಪ್ರಶ್ನೆ: ಮಗ ನಾಲ್ಕನೇ ಕ್ಲಾಸು, ಎಡಗೈ. ತೋಟದಲ್ಲಿ ಬರುವ ದೊಡ್ಡ ಬಸವನಹುಳುವಿನ ಗೊಂಬೆ ತಾನೇ ಹೆಣೆಯಬೇಕಂತೆ. ನಾನು ಬಲಗೈ, ಕಲಿಸುವುದು ಹೇಗೆ? (ಶನಿವಾರಸಂತೆ)

ಉತ್ತರ: ಆ ಆಫ್ರಿಕನ್ ಬಸವನಹುಳು ನಿಮ್ಮ ಕಡೆಯ ಕಾಫಿ ಗಿಡಗಳಿಗೆ ಮಾಡುವ ಹಾನಿ ನೋಡಿದವರಿಗೆ ಅದರ ಮೇಲೆ ಪ್ರೀತಿ ಬರುವುದು ಕಷ್ಟ. ಮಗುವಿಗೆ ಬಂದಿದೆಯಲ್ಲ, ಒಳ್ಳೆಯದೇ. ಹುಳುವನ್ನು ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ. ಖಾಲಿ ಚಿಪ್ಪು ಸಿಕ್ಕಿದರೆ ಬಿಸಿ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಮಾದರಿಗೆ ಇಡಿ.

ಕಲಿಸುವಾಗ ಪಕ್ಕದಲ್ಲಿ ಕೂರಬೇಡಿ, ಎದುರು ಕೂರಿ. ಎದುರಿನಿಂದ ನಿಮ್ಮ ಬಲಗೈ ಅವನಿಗೆ ಕನ್ನಡಿ. ಯಾವ ಮಾದರಿಯನ್ನೂ ಅವನಿಗಾಗಿ ಬದಲಿಸಬೇಕಾಗಿಲ್ಲ, ಲೆಕ್ಕ ಎಲ್ಲ ಅದೇ, ಸುತ್ತು ಮಾತ್ರ ಉಲ್ಟಾ ಹೋಗುತ್ತದೆ.

ಈಗ ಚಿಪ್ಪನ್ನು ತುದಿ ಮೇಲೆ, ಬಾಯಿ ನಮ್ಮ ಕಡೆ ಇರುವ ಹಾಗೆ ಹಿಡಿಯಿರಿ. ಬಾಯಿ ಬಲಗಡೆ ಇರುತ್ತದೆ. ಜಗತ್ತಿನ ಬಸವನಹುಳುಗಳಲ್ಲಿ ಬಹುಪಾಲು ಹೀಗೆ ಬಲಸುರುಳಿ. ತುದಿಯ ಕಡೆಯಿಂದ ನೋಡಿದರೆ ಸುರುಳಿ ಗಡಿಯಾರದ ಮುಳ್ಳು ಹೋಗುವ ಕಡೆಗೆ ಬಿಚ್ಚುತ್ತಾ ಹೋಗುತ್ತದೆ. ನಾವು ಬಲಗೈಯವರು ಹೆಣೆಯುವಾಗ ನಮ್ಮ ಸುತ್ತು ಹೋಗುವುದು ಗಡಿಯಾರಕ್ಕೆ ವಿರುದ್ಧವಾಗಿ. ಎಡಗೈಯವರದು ಗಡಿಯಾರದ ಜೊತೆ. ನಿಮ್ಮ ಮಗ ಹೆಣೆದ ಚಿಪ್ಪು ತಾನಾಗಿಯೇ ನಿಜವಾದ ಚಿಪ್ಪಿನ ಹಾಗೆ ಬರುತ್ತದೆ. ನೀವೊಂದು ಹೆಣೆದು ಪಕ್ಕದಲ್ಲಿಟ್ಟರೆ ನಿಮ್ಮದೇ ಉಲ್ಟಾ! ಇದನ್ನು ಅವನಿಗೆ ಖಂಡಿತ ತೋರಿಸಿ.

ಚಿಪ್ಪಿಗೆ ರಿಂಗ್‌ನಲ್ಲಿ 4 ಸಿಂಗಲ್, ಆಮೇಲೆ ಸುತ್ತಿಗೆ ಎರಡೇ ಹೆಚ್ಚಿಸಿ: 6, 8, 10, 12. ಆರು ಹೆಚ್ಚಿಸಿದರೆ ಚಪ್ಪಟೆ, ಎರಡೇ ಹೆಚ್ಚಿಸಿದರೆ ಮೊನಚು ಶಂಕು. ಪ್ರತಿ ಸ್ಟಿಚ್‌ನ ತಲೆಯ ಎರಡು ಎಳೆಯಲ್ಲಿ ಹಿಂದಿನ ಎಳೆಗೆ ಮಾತ್ರ ಕಡ್ಡಿ ಹಾಕಲಿ. ಮುಂದಿನ ಎಳೆಗಳು ಹೊರಮೈ ಮೇಲೆ ತುದಿಯಿಂದ ಬಾಯಿಯವರೆಗೆ ಒಂದೇ ಗೆರೆಯಾಗಿ ಉಳಿಯುತ್ತವೆ. ಕೊನೆಗೆ ಕಂದು ದಾರದಲ್ಲಿ ಆ ಎಳೆಗಳ ಮೇಲೆ ಸ್ಲಿಪ್ ಸ್ಟಿಚ್ ಹಾಕುತ್ತಾ ಬಂದರೆ ಚಿಪ್ಪಿನ ಸುರುಳಿ ಗೆರೆ ಎಲ್ಲೂ ಕಡಿಯದೆ ಬರುತ್ತದೆ. ಸುತ್ತುಗಳನ್ನು ಕೂಡಿಸಿ ಹೆಣೆದರೆ ಇದು ಆಗುವುದಿಲ್ಲ, ಬರೀ ಬಳೆ ಬಳೆ ಕಾಣುತ್ತದೆ. ನಿಮ್ಮದನ್ನೂ ಸರಿ ಮಾಡಬೇಕೆಂದರೆ ನೀವು ಮುಂದಿನ ಎಳೆಗೆ ಮಾತ್ರ ಹಾಕಿ, ಮುಗಿದ ಮೇಲೆ ಒಳಮೈ ಹೊರಗೆ ತಿರುಗಿಸಿ. ಆಗ ಸುರುಳಿ ಬಲಕ್ಕೆ ಬರುತ್ತದೆ, ಗೆರೆಯೂ ಹೊರಗೆ ಬರುತ್ತದೆ.

ಮೈಗೆ 8 ಸಿಂಗಲ್ ಸುತ್ತಿನ ಒಂದು ಉದ್ದ ಕೊಳವೆ ಸಾಕು, ಹತ್ತಿ ತುಂಬಿ ಚಿಪ್ಪಿನ ಬಾಯಿಗೆ ಹೊಲಿಯಿರಿ. ತಲೆಗೆ ನಾಲ್ಕು ಕೊಂಬು ಬೇಕು. ಮೇಲಿನ ಎರಡಕ್ಕೆ 6 ಚೈನ್ ಹಾಕಿ ಸ್ಲಿಪ್ ಸ್ಟಿಚ್‌ನಲ್ಲಿ ವಾಪಸ್ ಬನ್ನಿ, ಕೆಳಗಿನ ಎರಡಕ್ಕೆ 3 ಚೈನ್. ಕಪ್ಪು ದಾರದ ಗಂಟನ್ನು ಮುಖದ ಮೇಲೆ ಹಾಕಲು ಬಿಡಬೇಡಿ. ಬಸವನಹುಳುವಿನ ಕಣ್ಣು ಇರುವುದು ಮೇಲಿನ ಉದ್ದ ಕೊಂಬುಗಳ ತುದಿಯಲ್ಲಿ.